ಹುರುಳಿಯ ಕೆಳಗಿದ್ದ ರನ್‌ವೇ

ವಿಮಾನದಳ ಸ್ಮಾರಕ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

‘ಕಬ್ಬಿಣದ ಹಕ್ಕಿ ಬತ್ತದೆ ಅಂತ ಕಣವ ಮಾಡಿಕೊಟ್ಟೆವು’ ಎಂದೊಂದು ಸಾಲನ್ನು ನಮ್ಮಜ್ಜಿ ಮುದ್ದಮ್ಮ ಹಾಡುತ್ತಿದ್ದಳು. ಮುಂದಿನ ಸಾಲು ನನಗೆ ಮರೆತುಹೋಗಿದೆ. ನೆನಪಿರುವ ಸಾಲಿನ ಮೇಲೂ ಬಹಳ ಕಾಲ ನನಗೆ ಅನುಮಾನವಿತ್ತು. ಹಕ್ಕಿ ಬರುತ್ತದೆ ಎಂದರೆ ಜನ ಕಣ ಕಾಯುತ್ತಾರೆ, ಕವಣೆ ಬೀಸುತ್ತಾರೆ. ಹಕ್ಕಿಗೆಂದೇ ಕಣ ಮಾಡಿಕೊಡುವವರು ಎಲ್ಲಾದರೂ ಉಂಟೇ? ಉಂಟು. ಎರಡನೇ ಮಹಾಯುದ್ಧದ ಕಾಲಕ್ಕೆ, ಹೆಮ್ಮರಗಾಲದ ಕಡೆಗಿರುವ ನಮ್ಮೂರಿನಲ್ಲಿ ಬಾಂಬರ್ ವಿಮಾನಗಳು ಇಳಿಯಲೆಂದು ಜಲ್ಲಿ ಒಡೆದ ಹೆಂಗಸರಲ್ಲಿ ಹದಿನೈದು ವರ್ಷದ ನಮ್ಮಜ್ಜಿಯೂ ಒಬ್ಬಳು. ಆ ವಿಮಾನದಳದ ನೆನಪಿಗೆ ತಾವು ಕಳೆದ ವರ್ಷ ಕಟ್ಟಿಸಿದ ಸ್ಮಾರಕದ ಬಗ್ಗೆ ನನ್ನದು ಒಂದೇ ದೂರು: ಅದು ತಪ್ಪು ಜಾಗದಲ್ಲಿದೆ. ಎಷ್ಟು ತಪ್ಪು ಎಂಬುದನ್ನು ಸ್ವಲ್ಪ ತಡೆದು ಹೇಳುತ್ತೇನೆ. ಅಷ್ಟರಲ್ಲಿ ತಾವು ಕುಳಿತುಕೊಳ್ಳುವುದು ಒಳ್ಳೆಯದು.

ಕಳೆದ ವರ್ಷದ ಜನವರಿಯ ಆ ಬೆಳಿಗ್ಗೆಯನ್ನು ತಾವು ಮರೆತಿರಲಾರಿರಿ. ಮೂರು ಜೀಪು, ಒಂದು ನಕ್ಷೆ, ಒಂದು ಉದ್ದನೆಯ ಟೇಪು. ಹಳೆಯ ರನ್‌ವೇ ಎಲ್ಲಿದೆ ಎಂದು ಹುಡುಕುತ್ತ ತಾವು ನಮ್ಮೂರ ಕಣದ ಮೇಲೆ ಪೂರ್ವಕ್ಕೆ ಹೋದಿರಿ, ಪಶ್ಚಿಮಕ್ಕೆ ಬಂದಿರಿ, ಮತ್ತೆ ಪೂರ್ವಕ್ಕೆ ಹೋದಿರಿ. ಕಣದ ತುಂಬ ಪಾದ ಮುಳುಗುವಷ್ಟು ಹುರುಳಿ ಗಿಡ, ನಮ್ಮೂರ ಬಾಯಲ್ಲಿ ‘ಉಳ್ಳಿ’, ಹಾಸಿತ್ತು. ಗಟ್ಟಿ ನೆಲದ ಮೇಲೆ ಹುರುಳಿ ಹಾಸಿ, ಓಡಾಡುವ ಗಾಡಿಗಳ ಚಕ್ರಕ್ಕೆ ಒಕ್ಕಣೆಯ ಕೆಲಸ ಒಪ್ಪಿಸಿಬಿಡುವುದು ನಮ್ಮ ಕಡೆಯ ರೂಢಿ. ಆದರೆ ಅರ್ಧ ಮೈಲಿ ಉದ್ದಕ್ಕೆ, ಗೆರೆ ಎಳೆದಷ್ಟು ನೇರವಾಗಿ, ಯಾವ ರೈತ ತಾನೇ ಕಣ ಮಾಡಿಸಿಯಾನು? ಈ ಪ್ರಶ್ನೆ ತಮ್ಮ ಜೊತೆಗಿದ್ದ ತಜ್ಞರಲ್ಲಿ ಒಬ್ಬರಿಗೂ ಹುಟ್ಟಲಿಲ್ಲವೇ? ಹುರುಳಿಯ ಕೆಳಗಿದ್ದದ್ದೇ ರನ್‌ವೇ, ಸ್ವಾಮಿ. ಅದರ ಮೇಲೆ ನಿಂತು ತಾವು ಅದನ್ನೇ ವಿಚಾರಿಸುತ್ತಿದ್ದಿರಿ.

ನಮ್ಮ ಪಕ್ಕದ ಮನೆಯ ಮಾದಪ್ಪನವರು ಕೈಮುಗಿದು, “ಇನ್ನೊಂದ್ ಸುತ್ತು ಓಗ್ಬನ್ನಿ ಸಾ, ಆ ತುದೀಲಿ ಸರ್ಯಾಗ್ ನೋಡಿಲ್ಲ ನೀವು” ಎಂದರು. ತಾವು ವಿನಯದಿಂದ ಹೋಗಿ ಬಂದಿರಿ. ಆ ತುದಿಯ ಹುರುಳಿ ಇನ್ನೂ ಒಡೆದಿರಲಿಲ್ಲ.

ಅಲ್ಲಿಗೇ ನಿಂತಿದ್ದರೆ ಯಾರೋ ಒಬ್ಬರು ನಿಜ ಹೇಳುತ್ತಿದ್ದರೇನೋ. ಆದರೆ ತಮ್ಮ ಜೊತೆಯವರು ಜೀಪಿನಲ್ಲೇ ಕುಳಿತು, “ಸಿಕ್ಕಿದ ಕೂಡಲೇ ಸುತ್ತ ಕಾಂಪೌಂಡ್ ಹಾಕಿಸಿ, ಲಾನ್ ಮಾಡಿಸಿ, ಗೇಟಿಗೆ ಬೀಗ ಜಡಿಸಬೇಕು” ಎಂದರು. ಬೇರೆ ದಿನ ಹತ್ತು ಸಲ ಕೂಗಿದರೂ ಕೇಳದ ಮಾದಪ್ಪನವರ ಕಿವಿಗೆ ಆ ಮಾತು ಒಂದೇ ಸಲಕ್ಕೆ ಬಿತ್ತು. ಕೂಡಲೇ ಕೋಲೆತ್ತಿ ಬಡಗಣದ ಲಂಟಾನ ಪೊದೆಗಳ ಕಡೆ ತೋರಿಸಿದರು. “ಅಲ್ಲೇ ಸಾ! ಸಾಲಾಗ್ ನಿಂತಿರ್ತಿದ್ದೋ. ನೋಡಕ್ಕೆ ಎರಡು ಕಣ್ಣು ಸಾಲ್ದು.” ತಮ್ಮ ವರದಿಯಲ್ಲಿ ಇದು ‘ಪ್ರತ್ಯಕ್ಷದರ್ಶಿಯ ಹೇಳಿಕೆ’ ಎಂದು ದಾಖಲಾಗಿದೆ. ಮಾದಪ್ಪನವರು ಹುಟ್ಟಿದ್ದು ಯುದ್ಧ ಮುಗಿದ ಎರಡು ವರ್ಷಕ್ಕೆ.

ಅಲ್ಲಿ ಸಾಲಾಗಿ ನಿಂತಿದ್ದವು ಎಂಬುದು ಮಾತ್ರ ಸುಳ್ಳಲ್ಲ. ನಿಂತಿದ್ದವು ಹನ್ನೆರಡು ತಗಡಿನ ಬಾಗಿಲುಗಳು. ಅದು ದಳದವರ ಕಕ್ಕಸು. “ಅಲ್ಗೆ ದಿನಾ ನೀರ್ ಒತ್ತಾಕಿವ್ನಿ ಕಣವ್ವ” ಎಂದು ನಮ್ಮಜ್ಜಿ ಹೇಳುತ್ತಿದ್ದಳು. ಈಗ ಅಲ್ಲಿ ಒಂದು ಕಟ್ಟಡ, ಅದರ ತಲೆಯ ಮೇಲೆ ಸಿಮೆಂಟಿನ ವಿಮಾನವಿದೆ. ಕರಿಕಲ್ಲಿನ ಮೇಲೆ, ‘ಈ ಪುಣ್ಯಭೂಮಿಯಿಂದಲೇ ವೀರ ವೈಮಾನಿಕರು ಗಗನಕ್ಕೆ ಏರಿದರು’ ಎಂದು ಹೊನ್ನಿನ ಅಕ್ಷರವಿದೆ. ಅಲ್ಲಿಂದ ವೀರರು ಹಗುರಾಗಿ ಹೊರಬರುತ್ತಿದ್ದರು ಎಂಬಷ್ಟನ್ನು ನಾನೂ ಒಪ್ಪುತ್ತೇನೆ. ಉದ್ಘಾಟನೆಗೆ ಟಿ. ನರಸೀಪುರದಿಂದ ಬ್ಯಾಂಡ್‌ಸೆಟ್ ತರಿಸಿದ್ದಿರಿ. ‘ಈ ಮಣ್ಣಿನಲ್ಲಿ ಇಂದಿಗೂ ಇತಿಹಾಸದ ಗಂಧವಿದೆ’ ಎಂದು ತಾವು ಭಾಷಣ ಮಾಡಿದಾಗ ನಮ್ಮೂರಿನವರು ಯಾಕೆ ಅಷ್ಟು ಜೋರಾಗಿ ಚಪ್ಪಾಳೆ ತಟ್ಟಿದರು ಎಂಬುದು ಈಗ ತಮಗೆ ತಿಳಿದಿರಬೇಕು.

ನಾನೂ ತಟ್ಟಿದೆ. ಆಮೇಲೆ ಹತ್ತಿರ ಹೋಗಿ ಕಲ್ಲನ್ನು ಓದಿದೆ. ಅದರ ಕೆಳತುದಿಯಲ್ಲಿ, ಇಲ್ಲೇ ಅಪಘಾತದಲ್ಲಿ ತೀರಿಕೊಂಡ ಐವರ ಹೆಸರಿತ್ತು. ನನ್ನ ನಗು ಅಲ್ಲಿಗೇ ನಿಂತಿತು.

ಯುದ್ಧದ ಆ ದಿನಗಳಲ್ಲಿ ಒಂದು ಮಧ್ಯಾಹ್ನ, ಆ ಐವರನ್ನು ಹೊತ್ತು ನೆಲ ಬಿಟ್ಟ ವಿಮಾನವೊಂದು ಕಣದ ಮೂಡಲ ತುದಿಯಲ್ಲೇ ಬಿದ್ದು ಉರಿದುಹೋಯಿತಂತೆ. ಮಾರನೆಯ ದಿನ ಜಲ್ಲಿಯ ಹೆಂಗಸರು ಒಡೆಯಬೇಕಿದ್ದ ಒಂದು ಕಲ್ಲನ್ನು ಒಡೆಯದೆ ಅಲ್ಲಿ ನೆಟ್ಟರು. ದಳ ಹೋಯಿತು, ರನ್‌ವೇ ಊರಿನ ಕಣವಾಯಿತು. ಅಂದಿನಿಂದ ರಾಶಿ ಅಳೆಯುವ ಮೊದಲು, ಯಾರ ರಾಶಿಯೇ ಆಗಲಿ, ಮೊದಲ ಬೊಗಸೆ ಕಾಳು ಆ ಕಲ್ಲಿನ ಬುಡಕ್ಕೆ. ಚಿಕ್ಕವಳಿದ್ದಾಗ ನಾನು ಯಾರಿಗಜ್ಜಿ ಇದು ಎಂದು ಕೇಳಿದ್ದೆ. “ಎಸ್ರು ಗೊತ್ತಿಲ್ಲ ಕಣವ್ವ. ಯಾರೋ ತಾಯಿ ಎತ್ತ ಮಕ್ಳು” ಎಂದಿದ್ದಳು. ಸಾಯುವ ತನಕ ಅವಳಿಗೆ ಆ ಹೆಸರುಗಳು ಗೊತ್ತಾಗಲಿಲ್ಲ. ಈಗ ಹೆಸರುಗಳಿವೆ, ಕಕ್ಕಸಿದ್ದ ಜಾಗದಲ್ಲಿ. ಬೊಗಸೆ ಮಾತ್ರ ಎಂಬತ್ತು ವರ್ಷದಿಂದ ಹೆಸರಿಲ್ಲದ ಕಲ್ಲಿನ ಮುಂದೆ ಬೀಳುತ್ತಿದೆ.

ಇದನ್ನು ಬರೆದರೆ ತಾವು ಕಾಂಪೌಂಡನ್ನು ಎತ್ತಿಕೊಂಡು ಕಣಕ್ಕೇ ಬರಬಹುದು ಎಂಬ ಭಯದಿಂದ ವರ್ಷವೆಲ್ಲ ಸುಮ್ಮನಿದ್ದೆ. ಬೀಗ ಬಿದ್ದರೆ ನಮಗೆ ಒಕ್ಕಲು ಬೇರೆ ನೆಲವಿಲ್ಲ. ಆದರೆ ಯೋಚಿಸಿ ನೋಡಿ: ಕಣವಿಲ್ಲದೆ ರಾಶಿಯಿಲ್ಲ, ರಾಶಿಯಿಲ್ಲದೆ ಮೊದಲ ಬೊಗಸೆಯಿಲ್ಲ. ಬೇಲಿ ಹಾಕಿದ ದಿನವೇ ಆ ಐವರನ್ನು ನಿಜವಾಗಿ ನೆನೆಯುವ ಕೆಲಸ ನಿಂತುಹೋಗುತ್ತದೆ. ಲಾನಿನ ಹುಲ್ಲು ಯಾರನ್ನು ನೆನೆದೀತು?

ಆದ್ದರಿಂದ ಒತ್ತಾಯಿಸುತ್ತೇನೆ. ಐದು ಹೆಸರುಗಳನ್ನು ಮೂಡಲ ತುದಿಯ ಕಲ್ಲಿನ ಪಕ್ಕ ಒಂದು ಸಣ್ಣ ಹಲಗೆಯ ಮೇಲೆ ಕೆತ್ತಿಸಿ. ಜಾಗ ಉಳಿದರೆ, ಕಲ್ಲು ನೆಟ್ಟ ಹೆಂಗಸರಿಗೂ ಒಂದು ಸಾಲು ಕೊಡಿ. ಕಣಕ್ಕೆ ಬೇಲಿ, ಗೇಟು, ಬೀಗ ಯಾವುದೂ ಬರುವುದಿಲ್ಲ ಎಂದು ಬರೆದುಕೊಡಿ. ಹೆಸರು ಖಾಲಿಯಾದ ತಮ್ಮ ಸ್ಮಾರಕದ ಕಟ್ಟಡಕ್ಕೆ ನಲ್ಲಿ ಹಾಕಿಸಿ, ಬಾಗಿಲು ಇಡಿಸಿ, ಊರಿಗೆ ವಹಿಸಿಕೊಡಿ. ಒಕ್ಕಣೆಯ ದಿನಗಳಲ್ಲಿ ಬೆಳಗಿನಿಂದ ಸಂಜೆವರೆಗೆ ಕಣದಲ್ಲಿರುವ ಹೆಂಗಸರಿಗೆ ಹೋಗಲು ಒಂದು ಮರೆಯಿಲ್ಲ. ಆ ಜಾಗಕ್ಕೂ ತನ್ನ ಇತಿಹಾಸ ಮರಳಿ ಸಿಕ್ಕಂತಾಗುತ್ತದೆ.

ಇಂತಿ,
ಎಂ.ಎ. ಓದಿಯೂ ಅಜ್ಜಿಯ ಎರಡನೇ ಸಾಲನ್ನು ಉಳಿಸಿಕೊಳ್ಳಲಾಗದ ಮೊಮ್ಮಗಳು,
ವಾಣಿ

ಮರೆತ ಮಾತು: ಕಳಿಸುವ ಮುಂಚೆ ಈ ಪತ್ರವನ್ನು ಮಾದಪ್ಪನವರಿಗೆ ಓದಿ ಹೇಳಿದೆ. ಗುಟ್ಟು ರಟ್ಟು ಮಾಡಿದ್ದಕ್ಕೆ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಬಾಗಿಲಲ್ಲೇ ನಿಂತು ಕೋಲಿನ ಮೇಲೆ ಗದ್ದ ಊರಿಕೊಂಡು ಪೂರ್ತಿ ಕೇಳಿಸಿಕೊಂಡರು. ಆಮೇಲೆ ಹೇಳಿದರು: “ಕಳ್ಸು ತಾಯಿ. ಆದ್ರೆ ಬುಧ್ವಾರ ಬರಕ್ಕೇಳು, ಬುಧ್ವಾರ ನಮ್ ಉಳ್ಳಿ ಆಸಿರ್ತೀವಿ. ಮೂರ್ ಜೀಪೂ ಬರ್ಲಿ. ಮೊದಲ್ನೆ ಬೊಗಸೆ ಅವ್ರ ಕೈಲೇ ಇಡ್ಸಾನ.”