ಪರದೆಯ ಮೇಲೆ ನನ್ನ ಹೆಸರು

ದೇವನಹಳ್ಳಿ
೯-೧೧-೧೯೭೬

ಬೂದಿಗೆರೆಯಲ್ಲಿರುವ ಅಕ್ಕಯಮ್ಮನಿಗೆ ತಂಗಿ ಅನುಸೂಯ ಮಾಡುವ ನಮಸ್ಕಾರ.

ಇಲ್ಲಿ ನಾವು ಇದ್ದೇವೆ. ನೀವೆಲ್ಲ ಚೆನ್ನಾಗಿದ್ದೀರಿ ಅಂತ ಸಂತೆಗೆ ಬಂದವರನ್ನು ಕೇಳಿ ತಿಳಿದುಕೊಳ್ಳುತ್ತೇನೆ. ದೀಪಾವಳಿಗೇ ಬರೆಯಬೇಕಿತ್ತು, ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಬರೆಯಲು ಕೂತಾಗಲೆಲ್ಲ ಸಾಕಪ್ಪಾ ಅನ್ನಿಸಿ ಎದ್ದುಬಿಡುತ್ತಿದ್ದೆ. ನೀನು ಓದದೆಯೇ ಒಲೆಗೆ ಹಾಕುತ್ತೀಯೇನೋ ಅನ್ನುವ ಭಯವೂ ಇತ್ತು. ಹಾಕಬೇಡ. ಇದೊಂದನ್ನು ಓದು, ಆಮೇಲೆ ನಿನ್ನಿಷ್ಟ.

ಮಂಡಿ ಟಾಕೀಸು ಮುಚ್ಚಿತು ಅಕ್ಕ. ಹೋದ ವಾರ ಕುರ್ಚಿಗಳನ್ನೆಲ್ಲ ಲಾರಿಗೆ ತುಂಬಿಕೊಂಡು ಹೋದರು. ಇನ್ನು ಅದು ರಸಗೊಬ್ಬರದ ಗೋಡೌನು. ಈಗಿನ ಹುಡುಗರು ಬಸ್ಸು ಹತ್ತಿ ಬೆಂಗಳೂರಿಗೇ ಸಿನಿಮಾಕ್ಕೆ ಹೋಗುತ್ತಾರೆ, ಆ ತಗಡಿನ ಸೂರಿನ ಕೆಳಗೆ ಕೂತು ಯಾರು ಬೇಯುತ್ತಾರೆ? ಹುಣಸೆಹಣ್ಣಿನ ಮಂಡಿಯನ್ನು ಟಾಕೀಸು ಮಾಡಿದ ವರ್ಷ ನಿನಗೆ ನೆನಪಿದೆಯಾ? ಆಗ ನಮ್ಮಿಬ್ಬರಿಗೂ ಮದುವೆಯಾಗಿರಲಿಲ್ಲ. ಅಮ್ಮ ಸೆರಗಿನಲ್ಲಿ ಹುರಿದ ಕಡಲೆಕಾಯಿ ಕಟ್ಟಿಕೊಂಡು ನಮ್ಮನ್ನು ಹೆಂಗಸರ ಕಡೆಗೆ ಎಳೆದುಕೊಂಡು ಹೋದಳು. ಒಳಗೆಲ್ಲ ಹುಣಸೆ ವಾಸನೆ. "ಏನ್ರೇ ಇದು, ಸಿನ್ಮಾ ನೋಡ್ತಿದ್ರೆ ಬಾಯಲ್ಲಿ ನೀರೂರ್ತದಲ್ಲೇ!" ಅಂದಳು. ಮಳೆ ಬಂದು ತಗಡಿನ ಸದ್ದಿಗೆ ಏನೂ ಕೇಳಿಸದಿದ್ದರೆ ಹೀರೋನ ಮಾತು, ಅವನ ಅತ್ತೆಯ ಬೈಗುಳ ಎಲ್ಲವನ್ನೂ ತಾನೇ ಕಟ್ಟಿ ಹೇಳುತ್ತಿದ್ದಳು. ಸಂಜೆ ಸ್ಪೀಕರಿನಲ್ಲಿ ದೇವರ ಹಾಡು ಹಾಕಿದರೆ ಊರಿನ ಹೆಂಗಸರೆಲ್ಲ ಮುದ್ದೆಗೆ ಎಸರಿಡುತ್ತಿದ್ದರು. ಈಗ ಹಾಡಿಲ್ಲ, ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಟಾಕೀಸಿನ ನೆಪದಲ್ಲಿ ಆ ದಿನದ ಮಾತು ಹೇಳಿಬಿಡುತ್ತೇನೆ. ಅಮ್ಮ ನಿನ್ನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಗಂಜಿ ಕುಡಿದಳು, ಗೆಲುವಾಗಿದ್ದಾಳೆ ಅಂತ ನೀನೇ ಹೇಳಿ ಕಳಿಸಿದ್ದೆ. ಇತ್ತ ಇವರ ತಂಗಿ ಊರಿಂದ ಬಂದು ಸಿನಿಮಾ ಸಿನಿಮಾ ಅಂತ ಪ್ರಾಣ ತಿಂದಳು. ಇವರು "ಕರ್ಕೊಂಡು ಹೋಗೇ" ಅಂತ ಗದರಿದರು. ಹೋದೆ.

ಟಾಕೀಸಿನಲ್ಲಿ ಇರುವವರಿಗೆ ಮನೆಯಿಂದ ತುರ್ತು ಕರೆ ಬಂದರೆ ಗಾಜಿನ ಮೇಲೆ ಹೆಸರು ಬರೆದು ಪರದೆಗೆ ಬಿಡುತ್ತಿದ್ದರಲ್ಲ. ಗಂಡಸರಾದರೆ ಅವರವರ ಹೆಸರು, ಹೆಂಗಸರಾದರೆ ಇಂಥವರ ಮನೆಯವರು ಅಂತ. ಅದಕ್ಕೇ ಗೇಟಿನಲ್ಲಿ ಮ್ಯಾನೇಜರ್ ಪಾಪಯ್ಯನವರಿಗೆ ಹೇಳಿದೆ: "ಅಣ್ಣಾ, ಅಮ್ಮಂಗೆ ಹುಷಾರಿಲ್ಲ. ಕರೆ ಬಂದ್ರೆ ನನ್ನ ಹೆಸ್ರೇ ಹಾಕ್ಬಿಡಿ. ನಮ್ಮೆಜಮಾನ್ರ ಹೆಸ್ರು ಹಾಕಿದ್ರೆ, ಊರ್ತುಂಬ ವೆಂಕಟರಾಯಪ್ಪಗಳೇ ಅವ್ರೆ." ಅವರು ನಾಲಿಗೆ ಕಚ್ಚಿಕೊಂಡರು. "ಏನಮ್ಮಾ ನೀನು! ಮರ್ಯಾದಸ್ಥರ ಮನೆ ಹೆಣ್ಮಕ್ಳ ಹೆಸ್ರು ಪರದೆ ಮೇಲೆ ಬಂದ್ರೆ ನಿಮ್ಮೆಜಮಾನ್ರು ನನ್ನ ಸುಮ್ನೆ ಬಿಡ್ತಾರಾ?"

ಸಿನಿಮಾ ಅರ್ಧಕ್ಕೆ ಬಂದಾಗ ಸ್ಲೈಡು ಬಂತು. ವೆಂಕಟರಾಯಪ್ಪನವರ ಮನೆಯವರು ಕೂಡಲೇ ಹೊರಗೆ ಬರಬೇಕು. ಏಳಬೇಕು ಅನ್ನುವಷ್ಟರಲ್ಲಿ ಮುಂದಿನ ಸಾಲಿನಿಂದ ಹಿಟ್ಟಿನ ಮಿಷನ್ ವೆಂಕಟರಾಯಪ್ಪನ ಹೆಂಡತಿ "ಅಯ್ಯೋ ನಮ್ಮತ್ತೇ!" ಅಂತ ಬಾಯಿ ಬಡಿದುಕೊಂಡು ಓಡಿದಳು. ಅವಳ ಅತ್ತೆ ಇವತ್ತೋ ನಾಳೆಯೋ ಅನ್ನುವಂತಿದ್ದದ್ದು ಊರಿಗೇ ಗೊತ್ತಿತ್ತು. ಅವಳಿಗೇ ಬಂದ ಕರೆ ಅಂದುಕೊಂಡೆ. ಅಯ್ಯೋ ಪಾಪ ಅಂತ ಲೊಚಗುಟ್ಟಿ ಕೂತುಬಿಟ್ಟೆ ಅಕ್ಕ.

ಹೊರಗೆ ನಿಂತಿದ್ದವನು ನಿಮ್ಮ ಆಳು ಗಂಗಣ್ಣ. "ಈಯಮ್ಮ ಅಲ್ಲ ಸ್ವಾಮಿ, ಇನ್ನೊಂದ್ಸಲ ಹಾಕಿ" ಅಂದನಂತೆ. "ಎಷ್ಟ್ಸಲ ಹಾಕೋದಯ್ಯಾ, ಜನ ಕುರ್ಚಿ ಮುರೀತಾರೆ" ಅಂದರಂತೆ ಪಾಪಯ್ಯ. ಅವನು ಸೈಕಲ್ ತಿರುಗಿಸಿಕೊಂಡು ಹೋದ. ಬೆಳಿಗ್ಗೆ ಸುದ್ದಿ ಬಂದು ನಾನು ಓಡಿ ಬಂದರೆ, ನೀನು ಅಮ್ಮನ ಹೆಣದ ಮುಂದೆ ಎಲ್ಲರಿಗೂ ಕೇಳುವ ಹಾಗೆ ಅಂದೆ: "ಸಿನ್ಮಾ ಬಿಟ್ಟು ಏಳ್ಲಿಲ್ಲ ಕಣ್ರೇ ಇವ್ಳು. ಅಮ್ಮ ಬಾಗ್ಲನ್ನೇ ನೋಡ್ತಾ ನೋಡ್ತಾ ಹೋದ್ಳು."

ತಿಥಿಯ ದಿನ ನಾನು ನಡೆದದ್ದನ್ನು ಹೇಳಲು ಬಾಯಿ ತೆರೆದರೆ ನೀನು ಎದ್ದು ಒಳಗೆ ಹೋದೆ. ಅವತ್ತಿನಿಂದ ನಮ್ಮ ಹೊಸಿಲು ತುಳಿದಿಲ್ಲ. ನಿನ್ನ ಮೇಲೆ ಕೋಪವಿಲ್ಲ ಅಂದರೆ ಸುಳ್ಳಾಗುತ್ತದೆ. ಯಾಕೆ ಬರಲಿಲ್ಲವೇ ಅಂತ ಒಂದು ಮಾತು ಕೇಳಬಾರದಿತ್ತಾ? ಈಗ ಕೋಪಿಸಿಕೊಳ್ಳುವುದಕ್ಕೂ ತ್ರಾಣವಿಲ್ಲ. ಸಂಕ್ರಾಂತಿಗೆ ಎಳ್ಳು ಬೀರುವ ನೆಪದಲ್ಲಾದರೂ ಬಾ. ಬೈಯುವುದಾದರೆ ಇಲ್ಲೇ ಕೂತು ಬೈಯಿ.

ಭಾವನಿಗೆ ನಮಸ್ಕಾರ ತಿಳಿಸು. ಮಗಳು ವರಲಕ್ಷ್ಮಿ ಮೈನೆರೆದಳಂತೆ, ಆರತಿಗೆ ನನ್ನನ್ನು ಕರೆಯಲಿಲ್ಲ. ಇರಲಿ, ಚಿಕ್ಕಮ್ಮನ ಆಶೀರ್ವಾದ ಅವಳ ಮೇಲೆ ಯಾವತ್ತೂ ಇದೆ. ಹೂವು ಅರಿಶಿನ ಕಾಣುತ್ತ ತಣ್ಣಗಿರಲಿ.

ನಿನ್ನ ತಂಗಿ,
ಅನುಸೂಯ

ತಾ.ಕ.: ಟಾಕೀಸಿನ ಕೊನೆಯ ಆಟಕ್ಕೆ ಒಬ್ಬಳೇ ಹೋಗಿದ್ದೆ. ಒಳಗೆ ಜನವೇ ಇರಲಿಲ್ಲ. ಪಾಪಯ್ಯನವರಿಗೆ ಈಗ ಕಣ್ಣು ಮಂಜು. "ಈಗ್ಲಾದ್ರೂ ನನ್ನ ಹೆಸ್ರು ಹಾಕ್ತೀರಾ ಅಣ್ಣಾ?" ಅಂದೆ. ಅವರು ತಲೆ ತಗ್ಗಿಸಿಕೊಂಡು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಆಳೆತ್ತರದ ಅಕ್ಷರದಲ್ಲಿ ಬಂತು: ಅನುಸೂಯಮ್ಮನವರು ಕೂಡಲೇ ಹೊರಗೆ ಬರಬೇಕು. ಕೇಳಿ ಹಾಕಿಸಿಕೊಂಡವಳು ನಾನೇ, ಆದರೂ ತಡೆಯಲಾಗಲಿಲ್ಲ. ಸೀರೆಯ ನೆರಿಗೆ ಎಡವಿಕೊಂಡು ಗೇಟಿನವರೆಗೂ ಓಡಿದೆ. ಗಂಗಣ್ಣ ಇರಲಿಲ್ಲ, ಸೈಕಲ್ಲೂ ಇರಲಿಲ್ಲ. ನನ್ನನ್ನು ಕರೆಯಲು ಯಾರೂ ಬಂದಿರಲಿಲ್ಲ ಅಕ್ಕ.