ಹೂಜಿ ಗಿಡದ ಸಮಾಚಾರ

ಹಿರಿಯೂರು
೧೪-೧೦-೧೯೭೬

ಪೂನಾಕ್ಕೆ ಟ್ರೈನಿಂಗಿಗೆ ಹೋಗಿರುವ ಮೇಷ್ಟ್ರಿಗೆ, ನಿಮ್ಮ ಹೆಂಡತಿಯ ನಮಸ್ಕಾರಗಳು.

ನಾವೆಲ್ಲ ಕ್ಷೇಮ. ನೀವು ಕೇಳಿಲ್ಲ, ಆದರೂ ತಿಳಿಸಿದ್ದೇನೆ.

ನೀವು ಕೇಳಿದ್ದು ಆ ನೊಣ ತಿನ್ನುವ ಹೂಜಿ ಗಿಡದ ಸಮಾಚಾರವನ್ನು. ಅದು ಸತ್ತಿದೆ. ಬಾವಿಯ ಸವಳು ನೀರು ಸೋಕಿಸದೆ, ಗುಡಾಣದಲ್ಲಿ ಹಿಡಿದಿಟ್ಟ ಮಳೆ ನೀರನ್ನೇ ಹಾಕಿದ್ದೆ. ಹೂಜಿಯೊಳಗೆ ನೊಣ ಬಿತ್ತೋ ಇಲ್ಲವೋ ಎಂದು ದಿನಾ ಬಗ್ಗಿ ನೋಡಿದ್ದೆ. ಕಾಲೇಜು ಮೇಷ್ಟ್ರ ಹೆಂಡತಿಗೆ ಇನ್ನೇನು ಕೆಲಸ.

ಕೊಂದದ್ದು ನಿಮ್ಮಪ್ಪ. ಓದು ಬಾರದವರ ಕೈಗೆ ಕೊಡಬೇಡ ಎಂದು ಮೊದಲ ಕಾಗದದಲ್ಲೇ ಬರೆದಿದ್ದಿರಿ. ನಿಮ್ಮ ಮಾತೇ ಗೆದ್ದಿತು. ಎಲೆ ಹಳದಿಯಾಯಿತೆಂದು ಮಾವ ಮತ್ತೋಡಿನ ಹಟ್ಟಿಯಿಂದ ಕುರಿ ಗೊಬ್ಬರ ತಂದು ಬುಡಕ್ಕೆ ಹಾಕಿದರು. "ನನ್ನ ಮಗನ ಗಿಡ ಹಸ್ಕೊಂಡೈತೆ ಕಣವ್ವ" ಅಂದರು. ಅದು ಸಾರವಿಲ್ಲದ ಮಣ್ಣಲ್ಲಿ ಬದುಕುವ ಗಿಡ, ಗೊಬ್ಬರವೇ ವಿಷ ಎಂದು ನಿಮ್ಮ ಮೂರನೇ ಕಾಗದ ಬಂದಾಗ ಬೇರು ಸುಟ್ಟುಹೋಗಿತ್ತು. ಅಷ್ಟು ಓದಿದವರು ಅದನ್ನು ಮೊದಲೇ ಬರೆಯಬಹುದಿತ್ತು.

ಮಾವ ಸರಿಯಾಗಿ ಉಣ್ಣುತ್ತಿಲ್ಲ. ಖಾಲಿ ಕುಂಡದ ಮುಂದೆ ಕೂತಿರುತ್ತಾರೆ. ಅವರಿಗೆ ಎರಡು ಸಾಲು ಬರೆಯಿರಿ.

ಬರೆಯದಿದ್ದರೂ ನಡೆಯುತ್ತದೆ. ನಿಮ್ಮ ಮೂರೂ ಕಾಗದದಲ್ಲಿ ಗಿಡ ಬಿಟ್ಟು ಬೇರೇನೂ ಇರಲಿಲ್ಲ. "ಅಪ್ಪನ ಮಂಡಿನೋವು ಹೇಗಿದೆ, ಹುಷಾರಾಗಿ ನೋಡಿಕೋ" ಎಂಬುದನ್ನು ನಾನೇ ಸೇರಿಸಿ ಮಾವನಿಗೆ ಓದಿ ಹೇಳಿದ್ದೇನೆ. ಎರಡನೇ ಸಲ ಹಾಗೆ ಓದಿದ ಮಾರನೇ ಬೆಳಗ್ಗೆಯೇ ಅವರು ಆ ಮಂಡಿನೋವಲ್ಲೇ ಗೊಬ್ಬರ ತರಲು ಮತ್ತೋಡಿಗೆ ಹೊರಟದ್ದು.

ಇತಿ,
ಓದು ಬರುವ
ಮುದ್ದಕ್ಕ