ಅಪ್ಪನ ಎಲೆಯ ಬಂಗುಡೆ

ಠಾಕುರ್ಲಿ (ಪೂರ್ವ)
28 ಜುಲೈ 2025, ಸೋಮವಾರ

ಪ್ರೀತಿಯ ಮಗಳು ಪ್ರಮೀಳಾಗೆ ಅಮ್ಮನ ಆಶೀರ್ವಾದಗಳು.

ಕಾಲಿನ ಪ್ಲಾಸ್ಟರ್ ತೆಗೆದರೇ? ತೆಗೆದ ಕೂಡಲೇ ಅಡುಗೆಮನೆಗೆ ಓಡಬೇಡ. ವಡೋದರಾದಲ್ಲಿ ಹೋಟೆಲ್ ಇಟ್ಟವನ ಹೆಂಡತಿಗೆ ನಾಲ್ಕು ದಿನ ಕುಳಿತು ಉಣ್ಣುವ ಯೋಗ ಬಂದರೆ ಅಳಿಯಂದಿರೇನೂ ಬೇಸರಿಸುವುದಿಲ್ಲ. ನನ್ನ ಮೊಣಕಾಲು ಹಾಗೆಯೇ ಇದೆ, ಮಳೆ ಬರುವುದನ್ನು ಟಿವಿಯವರಿಗಿಂತ ಮೊದಲು ಹೇಳುತ್ತದೆ. ದಿನಾ ಫೋನಿನಲ್ಲಿ ಮಾತಾಡುವವಳು ಪತ್ರ ಯಾಕೆ ಬರೆದಳೆಂದು ಗಾಬರಿಯಾಗಬೇಡ. ಈ ಒಂದು ಬೆಡ್‌ರೂಮಿನ ಮನೆಯಲ್ಲಿ ಪಿಸುಗುಟ್ಟಿದರೂ ಅಡುಗೆಮನೆಗೆ ಕೇಳುತ್ತದೆ. ನಿನ್ನ ತಮ್ಮ ಹಿತೇಶ್‌ನ ಹೆಂಡತಿ ಸೋನಾಲಿ ಮರಾಠಿಯವಳಾದರೂ ನಮ್ಮ ಕನ್ನಡ, ತುಳು ಎರಡನ್ನೂ ಕಲಿತುಬಿಟ್ಟಿದ್ದಾಳೆ, ಓದಲು ಮಾತ್ರ ಬಾರದು. ಹಟ ಹಿಡಿದು ನಿನ್ನನ್ನು ಕನ್ನಡ ಶಾಲೆಗೆ ಹಾಕಿದ್ದು ನಿನ್ನ ಅಪ್ಪ. ಆಗ ಜಗಳ ಮಾಡಿದ್ದೆ, ಈಗ ನನ್ನ ಉಪಯೋಗಕ್ಕೇ ಬಂತು.

ಗುರುವಾರ ಆಟಿ ಅಮಾವಾಸ್ಯೆಗೆ ಅಪ್ಪನಿಗೆ ಬಡಿಸಿದೆವು. ಕಳೆದ ವರ್ಷ ಜೂನ್‌ನಲ್ಲಿ ಅವರು ಹೋದರಲ್ಲ, ವರ್ಷ ತುಂಬಿದ ಮೇಲೆ ಇದೇ ಮೊದಲ ಸಲ. ಇಲ್ಲಿಯವರಿಗೆ ಅದೇ ದಿನ ಗಟಾರಿ, ಶ್ರಾವಣ ಹಿಡಿಯುವ ಮೊದಲು ತಿಂಗಳಿಗಾಗುವಷ್ಟು ಮೀನು, ಕೋಳಿ ತಿಂದು ಮುಗಿಸುವ ದಿನ. ಮಾರ್ಕೆಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ನಮ್ಮ ಮೀನಿನ ಚಂದ್ರಬಾಯಿ ಮಾತ್ರ ಬುಟ್ಟಿಯ ಅಡಿಯಿಂದ ಪೊಟ್ಟಣ ತೆಗೆದು, "ಅಣ್ಣಾಂಸಾಠಿ ಠೇವ್ಲೇತ," ಅಣ್ಣನಿಗೆಂದೇ ಇಟ್ಟಿದ್ದೇನೆ, ಎಂದಳು. ಅಪ್ಪ ಅವಳೊಡನೆ ಚೌಕಾಸಿಗೆ ನಿಂತರೆ ಮಹಾಪೆಯ ಕ್ಯಾಂಟೀನ್ ಕೆಲಸಕ್ಕೆ ಹೋಗುವ ಬಸ್ಸು ತಪ್ಪಿಸಿಕೊಳ್ಳುತ್ತಿದ್ದರು. ಅದನ್ನೂ ನೆನೆಸಿಕೊಂಡು ಇಬ್ಬರೂ ನಕ್ಕೆವು.

ಬಂಗುಡೆಯ ಪುಳಿಮುಂಚಿ ಸಾರು ನಾನು ಮಾಡಬೇಕೆಂದಿದ್ದೆ. ಸೋನಾಲಿ ಬಿಡಲಿಲ್ಲ. "ಬಾಬಾಂಗೆ ನಾನೇ ಮಾಡ್ತೇನೆ ಆಯಿ," ಎಂದು ಸೆರಗು ಸಿಕ್ಕಿಸಿದಳು. ಕೋಕಂ ಹಾಕಲು ಹೋದವಳ ಕೈ ಹಿಡಿದು ಹುಣಸೆ ಹಾಕಿಸಿದ್ದಷ್ಟೇ ನನ್ನ ಕೆಲಸ. ಅಷ್ಟರಲ್ಲಿ ಟಿಟ್ವಾಳಾದಿಂದ ನಿನ್ನ ಪದ್ಮಾವತಿ ಅತ್ತೆ ಬಂದಳು. ಅಪ್ಪನ ಒಬ್ಬಳೇ ತಂಗಿ, ಮಾತಿಗೆ ಬೇಲಿ ಇಲ್ಲ. "ಅತ್ತಿಗೆ, ಅಣ್ಣ ಇವಳ ಕೈಯ ಪುಳಿಮುಂಚಿ ತಿನ್ಲಿಕ್ಕೆ ಬರ್ತಾನಾ? ಎಲೆ ಮುಟ್ಟದೆ ಹೋದ್ರೆ ಎಂತ ಮಾಡುದು?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿದಳು. ಸೋನಾಲಿಯ ಮುಖ ಸಣ್ಣದಾಯಿತು. ಅಪ್ಪ ಅವಳನ್ನು ನಿನ್ನ ಹಾಗೆಯೇ ನೋಡಿಕೊಂಡವರು. ನನಗೆ ಎಷ್ಟು ಸಂಕಟವಾಯಿತೆಂದು ಹೇಳಲಾರೆ.

ಬೆಡ್‌ರೂಮಿನಲ್ಲಿ ಮಂಚ ಒತ್ತರಿಸಿ, ದೀಪ ಹಚ್ಚಿ, ಎಲೆಯಲ್ಲಿ ಕುಚ್ಚಲಕ್ಕಿ ಅನ್ನ, ಎರಡು ಇಡೀ ಬಂಗುಡೆ, ಪತ್ರೊಡೆ ಎಲ್ಲ ಬಡಿಸಿ, ಹಿರಿಯರು ಉಂಡು ಹೋಗಲೆಂದು ಬಾಗಿಲು ಹಾಕಿ ಹಾಲ್‌ನಲ್ಲಿ ಕುಳಿತೆವು. ಮಳೆ ಬಂತು. ನಾನು ಬಟ್ಟೆ ತೆಗೆಯಲು ಬಾಲ್ಕನಿಗೆ ಹೋದೆ. ಬಂದ ಸ್ವಲ್ಪ ಹೊತ್ತಿಗೆ ಹಿತೇಶ್ ಮೂರು ಸಲ ತಟ್ಟಿ ಬಾಗಿಲು ತೆರೆದ. ಬಂಗುಡೆ ಇದ್ದಲ್ಲಿ ಮುಳ್ಳು ಉಳಿದಿತ್ತು! ಪದ್ಮಾವತಿ ಅಲ್ಲೇ ಕೈಮುಗಿದಳು. ಹಿತೇಶ್ "ಬೆಕ್ಕು..." ಎಂದು ಬಾಯಿ ತೆರೆದವನು ಅತ್ತೆಯ ಕಣ್ಣು ನೋಡಿ ಮುಚ್ಚಿದ. ಸೋನಾಲಿ ನೆಲಕ್ಕೆ ಕುಳಿತು ಅತ್ತಳು. ಪದ್ಮಾವತಿ ಅವಳನ್ನು ತಬ್ಬಿಕೊಂಡು, "ದೀಪಾವಳಿಗೆ ನಮ್ಮಲ್ಲಿಗೂ ನೀನೇ ಬಂದು ಮಾಡ್ಬೇಕು ಮಾರಾಯ್ತಿ," ಎಂದಳು. ಫೋನಿನಲ್ಲಿ ನಿನಗೂ ಇಷ್ಟೇ ಹೇಳಿದ್ದು.

ಈಗ ಉಳಿದದ್ದು ಕೇಳು. ತಿಂದದ್ದು ನಾನು. ಬಾಲ್ಕನಿಯಿಂದ ಬೆಡ್‌ರೂಮಿಗೂ ಬಾಗಿಲಿದೆಯಲ್ಲ. ಸೀರೆ ಮಡಚುತ್ತಾ ಒಳಗೆ ಇಣುಕಿದೆ. ಅಪ್ಪನ ಎಲೆ ಹಾಗೆಯೇ ತಣ್ಣಗಾಗುತ್ತಿತ್ತು. ಈಗ ಪದ್ಮಾವತಿ ಬಂದು ನೋಡಿದರೆ ಸೊಸೆಯ ಗತಿಯೇನು ಅನಿಸಿತು. ಅದು ಅರ್ಧ ನಿಜ. ಇನ್ನರ್ಧ ನಿಜ, ನನಗೆ ಆಸೆಯಾಯಿತು. ವರ್ಷ ತುಂಬುವ ತನಕ ಮೀನು ಮುಟ್ಟುವುದಿಲ್ಲ ಎಂದು ನಾನೇ ಹೇಳಿದ್ದೆ. ವರ್ಷ ತುಂಬಿ ತಿಂಗಳಾದರೂ ಯಾರೂ ಒಂದು ತುಂಡು ಬಡಿಸಲಿಲ್ಲ! ಎಲ್ಲರಿಗೂ ನನ್ನ ಮೇಲೆ ಅಷ್ಟು ಗೌರವ. ಹಿತೇಶ್ ಸೊಸೈಟಿಯವರಿಗೆಲ್ಲ "ಅಮ್ಮ ಬಿಟ್ಟೇಬಿಟ್ಟರು" ಎಂದು ಹೇಳಿಕೊಂಡು ಬಂದಿದ್ದಾನೆ. ಸೋನಾಲಿ ನನಗೆಂದೇ ಬೇರೆ ಪಾತ್ರೆಯಲ್ಲಿ ತೊವ್ವೆ ಮಾಡುತ್ತಾಳೆ. ಬಿಸಿ ತುಪ್ಪ ಬಾಯಿಗೆ ಬಿದ್ದ ಹಾಗೆ, ನುಂಗಲಾರೆ, ಉಗುಳಲಾರೆ. ಶನಿವಾರ ಒಪ್ಪೊತ್ತು ಮಾಡಿದರೆ ನಿನ್ನ ಅಪ್ಪ, "ರತ್ನಾ, ಉಪವಾಸ ದೇವರಿಗೆ, ಬಂಗುಡೆ ನಮಗೆ," ಎಂದು ಕೆಣಕುತ್ತಿದ್ದರು. ಅವರ ಎಲೆಯ ಮುಂದೆ ಕುಳಿತು ತಿಂದೆ. ತಿನ್ನುತ್ತಿದ್ದಂತೆ ಕಣ್ಣೀರು ಬಂತು. ರುಚಿಯೂ ಬಹಳ ಚೆನ್ನಾಗಿತ್ತು.

ಅದಕ್ಕೇ ಒಂದು ಉಪಕಾರ ಮಾಡು. ಈಗ ಶ್ರಾವಣ, ಸೋನಾಲಿಯ ಪಾತ್ರೆಗೆ ಮೀನಿನ ವಾಸನೆಯೂ ತಾಗುವಂತಿಲ್ಲ. ಅದು ಕಳೆದ ಮೇಲೆ ನೀನೇ ಅವಳಿಗೆ ಫೋನ್ ಮಾಡಿ, ಅಮ್ಮನ ಮೊಣಕಾಲಿಗೆ ಮೀನು ಒಳ್ಳೆಯದಂತೆ, ಇಷ್ಟಿಷ್ಟು ಬಡಿಸು ಎಂದು ನಿನ್ನದೇ ಮಾತಿನಂತೆ ಹೇಳು. ನಾನು ಬೇಡ ಬೇಡ ಎನ್ನುತ್ತೇನೆ. ಕೇಳಬೇಡಿ.

ಅಳಿಯಂದಿರಿಗೆ ನಮಸ್ಕಾರ, ಮಕ್ಕಳಿಗೆ ಮುತ್ತು. ನೀನು ಕೋಲು ಬಿಟ್ಟು ನಡೆಯುವ ದಿನ ಬೇಗ ಬರಲಿ.

ಇಂತು ನಿನ್ನ ಅಮ್ಮ,
ರತ್ನಾವತಿ

ತಾ.ಕ.: ಫೋನ್ ಮಾಡಬೇಡ! ಲಕೋಟೆ ಅಂಟಿಸಬೇಕು ಅನ್ನುವಾಗ ಸೋನಾಲಿ ಚಹಾ ತಂದು ಪಕ್ಕದಲ್ಲಿ ಕುಳಿತಳು. "ಆಯಿ, ಬಾಬಾ ಬಂಗುಡೆಯ ತಲೆ ಮೊದ್ಲು ತಿಂತಿದ್ರು ನಾ? ಎಲೆಯಲ್ಲಿ ಎರಡೂ ತಲೆ ಹಾಗೇ ಇತ್ತು," ಎಂದಳು. ಅದಕ್ಕೇ ಅಂದು ಯಾರಿಗೂ ಬಿಡದೆ ತಾನೇ ಎಲೆ ಮಡಚಿ ಎತ್ತಿದ್ದಂತೆ. ನಾನು ಚಹಾದ ಕಪ್ಪಿನಿಂದ ಮುಖ ಎತ್ತಲಿಲ್ಲ. "ಇವತ್ತು ನನ್ನ ಸೋಮವಾರದ ಉಪವಾಸ, ನಾಳೆ ನಾಗಪಂಚಮಿ. ಬುಧವಾರ ಚಂದ್ರಬಾಯಿ ಹತ್ರ ಹೋಗ್ತೇನೆ. ಶ್ರಾವಣ ನಂದು, ನಿಮ್ದಲ್ಲ. ನಾನು ತಿನ್ನೂದಿಲ್ಲ, ಮಾಡಿ ಕೊಡ್ತೇನೆ. ಪುಳಿಮುಂಚಿ ಮಾಡ್ಲಾ, ಫ್ರೈ ಮಾಡ್ಲಾ?" ಎಂದು ಕೇಳಿದಳು.

ಎರಡೂ ಮಾಡು ಎಂದೆ.